ಎರಡು ಗಂಟೆಯದ್ದು, ಒಂದು ದಿನದ್ದು, ಎರಡು ದಿನದ್ದು: ಎದೆ ಒತ್ತುವುದನ್ನು ಎಲ್ಲಿ ಕಲಿಯಬೇಕು?

ಹತ್ತರ ನಂತರ ಕನ್ನಡದ ಅಂಕೆಗಳ ಹೆಸರು ಉದ್ದವಾಗುತ್ತದೆ. ಒಂದು, ಎರಡು, ಮೂರು ಎಂದು ಎಣಿಸುತ್ತ, ಹೃದಯ ನಿಂತು ಬಿದ್ದವರ ಎದೆ ಒತ್ತುವವರ ಕೈ ಹನ್ನೊಂದು, ಹನ್ನೆರಡು ಬಂದಾಗ ಗೊತ್ತಾಗದಂತೆ ನಿಧಾನವಾಗುತ್ತದೆ. ಇಪ್ಪತ್ತೊಂಬತ್ತಕ್ಕೆ ಬರುವಷ್ಟರಲ್ಲಿ ನಾಲಿಗೆಯೂ ತೊಡರುತ್ತದೆ, ಕೈಯೂ ತೊಡರುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಸಂಬಳದ ಕಾಲು ಭಾಗ ನುಂಗಿದ ದೊಡ್ಡ ತರಬೇತಿಯಲ್ಲ, ಶಿವಮೊಗ್ಗದ ಒಂದು ಸಮುದಾಯ ಭವನದಲ್ಲಿ ಪುಕ್ಕಟೆಯಾಗಿ ನಡೆದ ಎರಡು ಗಂಟೆಯ ಶಿಬಿರ. ‘ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ. ಮೂರು ಸಲ ಆದರೆ ಮೂವತ್ತು’ ಎಂದರು ಅಲ್ಲಿದ್ದ ಅರಿವಳಿಕೆ ವೈದ್ಯರು.

ನಾನು ತೀರ್ಥಹಳ್ಳಿ ಸೀಮೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹದಿನೇಳು ವರ್ಷಗಳಿಂದ ನರ್ಸ್. ಬೀದಿಯಲ್ಲಿ ಸಿಕ್ಕಿದವರು ಮೊದಲೆಲ್ಲ ಬಿಪಿ, ಶುಗರ್ ಬಗ್ಗೆ ಕೇಳುತ್ತಿದ್ದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಪ್ರಶ್ನೆ ಬದಲಾಯಿತು: ‘ಸಿಪಿಆರ್ ಎಲ್ಲಿ ಕಲಿಸುತ್ತಾರೆ ಸಿಸ್ಟರ್? ಯಾವುದು ಒಳ್ಳೆಯದು?’ ಸಿಪಿಆರ್ ಎಂದರೆ ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಉಳಿಸಲು ನೋಡುವುದು. ಉತ್ತರ ಹೇಳುವಷ್ಟು ಕಡೆ ನಾನು ಹೋಗಿ ಬಂದಿದ್ದೇನೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುವುದು, ಮೇಲೆ ಹೇಳಿದ ಶಿಬಿರ, ಒಂದು ದಿನದ ಬಿಎಲ್‌ಎಸ್ (ಉಸಿರು ಕೊಡುವುದನ್ನೂ ಕಲಿಸುವ ಮೂಲ ತರಬೇತಿ), ಎರಡು ದಿನದ ಎಸಿಎಲ್‌ಎಸ್ (ವೈದ್ಯರು, ನರ್ಸ್‌ಗಳ ಮೇಲ್ಮಟ್ಟದ ತರಬೇತಿ), ಹೀಗೆ ನಾಲ್ಕನ್ನೂ ನನ್ನ ಕೈಯಿಂದಲೇ ಮಾಡಿ ನೋಡಿದ್ದೇನೆ.

ವಿಡಿಯೊ ವಿಷಯ ಬೇಗ ಮುಗಿಸುತ್ತೇನೆ. ಪಾಠ ಚೆನ್ನಾಗಿಯೇ ಇತ್ತು, ಆದರೆ ಒತ್ತಿದ್ದು ತಲೆದಿಂಬನ್ನು. ದಿಂಬು ಎಷ್ಟು ಒತ್ತಿದರೂ ಒಳಗೆ ಹೋಗುತ್ತದೆ, ತಾನಾಗಿ ಮೇಲೆ ಬರುವುದಿಲ್ಲ. ಮನುಷ್ಯನ ಎದೆ ಹಾಗಲ್ಲ. ದೊಡ್ಡವರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಕೆಳಗೆ ಇಳಿಸಬೇಕು, 6 ದಾಟಬಾರದು. ಅದಕ್ಕೆ ಬೇಕಾಗುವ ಬಲ ಎಷ್ಟೆಂದು ದಿಂಬಿನಿಂದ ಗೊತ್ತಾಗುವುದಿಲ್ಲ. ವಿಡಿಯೊದಿಂದ ನನಗೆ ಉಳಿದದ್ದು ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಮಾತ್ರ. ಅದನ್ನು ನಿಮಿಷಕ್ಕೆ 110ಕ್ಕೆ ಇಟ್ಟುಕೊಂಡರೆ 100ರಿಂದ 120ರ ನಡುವಿನ ಲಯ ಕಿವಿಗೆ ಹತ್ತುತ್ತದೆ.

ಶಿವಮೊಗ್ಗದ ಶಿಬಿರದಲ್ಲಿ ಕಲಿಸಿದ್ದು ಸಿಒಎಲ್‌ಎಸ್, ಅಂದರೆ ಬರೀ ಎದೆ ಒತ್ತುವ ಪದ್ಧತಿ. ಅರಿವಳಿಕೆ ತಜ್ಞರು ಕಟ್ಟಿದ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಜನಸಾಮಾನ್ಯರಿಗಾಗಿ ರೂಪಿಸಿದ ಈ ಪಾಠದ ಮಾರ್ಗಸೂಚಿ 2017ರಲ್ಲಿ ಪ್ರಕಟವಾಯಿತು. ಬಿದ್ದವರನ್ನು ಗುರುತಿಸು, ಸಹಾಯಕ್ಕೆ ಕರೆ, ಒತ್ತು, ಬೇಗ ಆಸ್ಪತ್ರೆಗೆ ಸಾಗಿಸು. ಬಾಯಿಗೆ ಬಾಯಿ ಇಡುವ ಮಾತೇ ಇಲ್ಲ. ಸುಮಾರು ನಲವತ್ತು ಜನ, ಒತ್ತಿ ಕಲಿಯಲು ಮೂರು ಗೊಂಬೆಗಳು. ನನ್ನ ಪಾಲಿಗೆ ಗೊಂಬೆ ಸಿಕ್ಕಿದ್ದು ಒಟ್ಟು ನಾಲ್ಕು ನಿಮಿಷ. ಕೊರತೆ ಅಲ್ಲಿಯೇ ಇತ್ತು.

ಆದರೆ ಆ ಎರಡು ಗಂಟೆಯಲ್ಲಿ ಒಂದು ಮಾತೂ ವ್ಯರ್ಥವಾಗಲಿಲ್ಲ. ಹೃದಯ ನಿಂತ ಮೇಲೂ ಕೆಲವರು ಸ್ವಲ್ಪ ಹೊತ್ತು ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಾರೆ. ಅದನ್ನು ನೋಡಿ ‘ಉಸಿರಿದೆ, ಬಿಡಿ’ ಎಂದು ಪಕ್ಕಕ್ಕೆ ಸರಿಯುವುದು, ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಮಾಮೂಲು. ಆ ವೈದ್ಯರು ತಾವೇ ನೆಲದ ಮೇಲೆ ಮಲಗಿ ಅದನ್ನು ಅಭಿನಯಿಸಿ ತೋರಿಸಿದರು. ಹೃದಯಾಘಾತವೂ ಹೃದಯ ಸ್ತಂಭನವೂ ಬೇರೆ ಬೇರೆ ಎನ್ನುವುದನ್ನು ನೀರಿನ ಪೈಪು, ಪಂಪ್‌ಸೆಟ್ಟು ಹಿಡಿದು ವಿವರಿಸಿದರು: ಪೈಪಿಗೆ ಕಸ ಕಟ್ಟಿದರೆ ಆಘಾತ, ಪಂಪೇ ನಿಂತರೆ ಸ್ತಂಭನ. ಮೊದಲನೆಯದರಲ್ಲಿ ಮನುಷ್ಯ ಮಾತನಾಡುತ್ತಿರುತ್ತಾನೆ, ಅವನ ಎದೆ ಒತ್ತಬಾರದು, ಇಸಿಜಿ ಇರುವ ಆಸ್ಪತ್ರೆಗೆ ಓಡಬೇಕು. ಎರಡನೆಯದರಲ್ಲಿ ಕರೆದರೆ ಓಗೊಡುವುದಿಲ್ಲ, ಉಸಿರಾಟ ಸರಿಯಿರುವುದಿಲ್ಲ.

ನನ್ನ ಪಕ್ಕದಲ್ಲಿ ಒಬ್ಬ ಲೈನ್‌ಮ್ಯಾನ್ ಕುಳಿತಿದ್ದರು. ಕರೆಂಟ್ ಹೊಡೆದು ಬಿದ್ದವರಿಗೂ ಇದೇನಾ ಎಂದು ಕೇಳಿದರು. ಅವರಂಥವರಿಂದಲೇ ಈ ವಿದ್ಯೆ ಹುಟ್ಟಿತು ಎಂದರು ವೈದ್ಯರು. ವಿದ್ಯುತ್ ತಂತಿ ತಗುಲಿ ಸಾಯುವ ಕೆಲಸಗಾರರನ್ನು ಉಳಿಸುವುದು ಹೇಗೆಂದು ಅಮೆರಿಕದಲ್ಲಿ ಸಂಶೋಧನೆಗೆ ಕೂತವರಲ್ಲಿ ಕೌವೆನ್‌ಹೋವನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ ಒಬ್ಬರು. ಶಾಕ್ ಕೊಡುವ ಪ್ಯಾಡಲ್‌ಗಳನ್ನು ನಾಯಿಯ ಎದೆಗೆ ಒತ್ತಿದಾಗಲೇ ರಕ್ತದೊತ್ತಡ ಮೇಲೇರಿದ್ದನ್ನು ಅವರ ಜೊತೆಗಾರ ನಿಕರ್‌ಬಾಕರ್ ಗಮನಿಸಿದರು. 1960ರಲ್ಲಿ ಇವರಿಬ್ಬರೂ ಶಸ್ತ್ರವೈದ್ಯ ಜೂಡ್ ಅವರೊಂದಿಗೆ ಸೇರಿ, ಎದೆ ಸೀಳದೆ ಬರಿಗೈಯಲ್ಲಿ ರಕ್ತ ಹರಿಸಬಹುದು ಎಂದು ಜಾನ್ಸ್ ಹಾಪ್‌ಕಿನ್ಸ್‌ನಿಂದ ಜಗತ್ತಿಗೆ ತಿಳಿಸಿದರು. ಲೈನ್‌ಮ್ಯಾನ್ ಅಣ್ಣ ಅದನ್ನು ಕೇಳಿದ ಮೇಲೆ ಗೊಂಬೆಯನ್ನು ಬೇರೆಯವರಿಗೆ ಬಿಟ್ಟುಕೊಡಲೇ ಇಲ್ಲ.

ಅಲ್ಲಿ ನನಗೆ ಸಮಾಧಾನವಾಗದ ಒಂದು ಸಂಗತಿ ಇತ್ತು. ನಮ್ಮದು ಹೊಳೆ, ಕೆರೆ, ಕೃಷಿ ಹೊಂಡಗಳ ಊರು. ಮುಳುಗಿದವರಲ್ಲಿ ಮೊದಲು ಖಾಲಿಯಾಗುವುದು ಆಮ್ಲಜನಕ, ಹೃದಯ ನಿಲ್ಲುವುದು ಆಮೇಲೆ. ಅಂಥವರಿಗೆ ಉಸಿರು ಕೊಡದೆ ಬರೀ ಒತ್ತಿದರೆ ಆಮ್ಲಜನಕವಿಲ್ಲದ ರಕ್ತವನ್ನೇ ಸುತ್ತಿಸಿದಂತೆ. ಮಕ್ಕಳ ವಿಷಯದಲ್ಲೂ ಬಹುಪಾಲು ಹೀಗೆಯೇ. ಶಿಬಿರ ಮುಗಿದ ಮೇಲೆ ವೈದ್ಯರನ್ನು ಕೇಳಿದೆ. ‘ನೀವು ನರ್ಸ್, ನೀವು ಉಸಿರೂ ಕೊಡಿ. ಇವರಿಗೆ ಎರಡನ್ನೂ ಹೇಳಿದರೆ ಎರಡನ್ನೂ ಬಿಟ್ಟುಬಿಡುತ್ತಾರೆ’ ಎಂದರು. ಅದು ಸರಿಯೆಂದು ತಲೆಗೆ ಅನ್ನಿಸಿತು. ತುಂಗೆಯ ದಡದಲ್ಲಿ ಬೆಳೆದವಳ ಮನಸ್ಸು ಮಾತ್ರ ಇನ್ನೂ ಒಪ್ಪಿಲ್ಲ.

ಬಿಎಲ್‌ಎಸ್‌ಗಾಗಿ ಆಗುಂಬೆ ಘಾಟಿ ಇಳಿದು ಕರಾವಳಿಗೆ ಹೋದೆ. ಮಿನಿ ಬಸ್ಸಿನಲ್ಲಿ ಹದಿನಾಲ್ಕು ತಿರುವು ಇಳಿದ ಹೊಟ್ಟೆ ತರಗತಿಯ ಮೊದಲ ಗಂಟೆ ಯಾವುದಕ್ಕೂ ಸಹಕರಿಸಲಿಲ್ಲ, ಅದು ಬೇರೆ ಮಾತು. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಪಠ್ಯದ ಈ ತರಬೇತಿಯ ಕಾರ್ಡು ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಕೊನೆಯ ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ 84 ಬರಬೇಕು. ಮೂವರಿಗೆ ಒಂದು ಗೊಂಬೆ ಸಿಕ್ಕಿತು. ಆ ಗೊಂಬೆ ಸುಳ್ಳು ಹೇಳುವುದಿಲ್ಲ. ಆಳ ಸಾಕಾದರೆ ಟಕ್ ಎನ್ನುತ್ತದೆ, ಲಯ ಸರಿಯಾದರೆ ಹಸಿರು ದೀಪ ಹೊತ್ತುತ್ತದೆ.

ನನ್ನ ಗೊಂಬೆ ಟಕ್ ಎನ್ನುತ್ತಲೇ ಇತ್ತು, ಹಸಿರು ದೀಪವೂ ಉರಿಯಿತು, ಆದರೂ ಪಕ್ಕದಲ್ಲಿ ಒಂದು ಕೆಂಪು ಗುರುತು ಆರಲಿಲ್ಲ. ಒತ್ತಿದ ಮೇಲೆ ನಾನು ಕೈಯನ್ನು ಪೂರ್ತಿ ಸಡಿಲ ಬಿಡುತ್ತಿರಲಿಲ್ಲ, ಎದೆಯ ಮೇಲೆ ಭಾರ ಊರಿಯೇ ಇರುತ್ತಿದ್ದೆ. ಅಲ್ಲಿಯವರೆಗಿನ ಹದಿಮೂರು ವರ್ಷದ ನರ್ಸಿಂಗ್ ಅನುಭವದಲ್ಲಿ ಯಾರೂ ಅದನ್ನು ನನಗೆ ಹೇಳಿರಲಿಲ್ಲ. ಹೃದಯ ರಕ್ತ ತುಂಬಿಕೊಳ್ಳುವುದು ಸಡಿಲವಾದಾಗ. ತನ್ನ ಸ್ವಂತ ಸ್ನಾಯುವಿಗೆ ಕರೋನರಿ ರಕ್ತನಾಳಗಳಿಂದ ರಕ್ತ ಪಡೆಯುವುದೂ ಹೆಚ್ಚಾಗಿ ಆಗಲೇ. ಹಿಡಿಯನ್ನು ಪೂರ್ತಿ ಮೇಲಕ್ಕೆ ಎಳೆಯದೆ ಹೊಡೆಯುವ ಸೈಕಲ್ ಪಂಪಿನ ಹಾಗೆ, ನಾನು ಬೆವರು ಸುರಿಸಿದ್ದಕ್ಕೆ ತಕ್ಕಷ್ಟು ಏನೂ ಒಳಗೆ ಹೋಗುತ್ತಿರಲಿಲ್ಲ. ಆರೋಗ್ಯವಂತ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಎಷ್ಟು ಚೆನ್ನಾಗಿ ಒತ್ತಿದರೂ ನಮ್ಮ ಕೈಯಿಂದ ಆಗುವುದು ಅದರ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಅಷ್ಟರಲ್ಲಿಯೂ ಸೋರಿಹೋದರೆ ಮಿದುಳಿಗೆ ತಲುಪುವುದೇನು? ಆ ಕೆಂಪು ಗುರುತೊಂದಕ್ಕೇ ನಾನು ಕಟ್ಟಿದ ಶುಲ್ಕ ವಸೂಲಾಯಿತು.

ಮೂವತ್ತು ಒತ್ತು, ಎರಡು ಉಸಿರು, ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬಾರದು ಎನ್ನುವುದು ಅಲ್ಲಿ ಕೈಗೆ ಬಂತು. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವನ್ನೂ ಬಳಸಿದೆ. ಪ್ಯಾಡ್ ಅಂಟಿಸಿದರೆ ಅದೇ ಹೃದಯದ ಲಯ ನೋಡಿ, ಶಾಕ್ ಬೇಕೋ ಬೇಡವೋ ಎಂದು ಹೇಳುತ್ತದೆ. ತರಬೇತಿಯಲ್ಲಿ ಅದು ಇಂಗ್ಲಿಷಿನಲ್ಲಿ ಮಾತನಾಡಿತು. ಊರಿಗೆ ಬಂದ ಮೇಲೆ ಇದೇ ಯಂತ್ರ ಇಟ್ಟಿದ್ದ ಒಂದು ಸಾರ್ವಜನಿಕ ಜಾಗಕ್ಕೆ ಕುತೂಹಲದಿಂದ ಹೋಗಿ ನೋಡಿದೆ. ಬೀರುವಿಗೆ ಬೀಗ ಹಾಕಿತ್ತು. ಕೀಲಿ ಇದ್ದವರು ಊಟಕ್ಕೆ ಹೋಗಿದ್ದರು. ಎದೆ ಒತ್ತುವುದು ಶುರುವಾಗದೆ ಹೋದರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ಅವರ ಊಟ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು.

ಎಸಿಎಲ್‌ಎಸ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ನೀವು ವೈದ್ಯರೋ ನರ್ಸೋ ಅಲ್ಲದಿದ್ದರೆ ಅತ್ತ ಹೋಗಬೇಡಿ. ಹೋಗುವ ಮೊದಲೇ ಇಸಿಜಿ ಮತ್ತು ಔಷಧಿಗಳ ಬಗ್ಗೆ ಒಂದು ಪೂರ್ವಪರೀಕ್ಷೆಯಲ್ಲಿ 70 ದಾಟಬೇಕು. ನಾನು ಮೊದಲ ಸಲ ದಾಟಲಿಲ್ಲ. ಎರಡು ದಿನ ಪೂರ್ತಿ ಲಯಗಳ ಪಾಠ. ಹೃದಯದ ಕೆಳಕೋಣೆಗಳು ಅಡ್ಡಾದಿಡ್ಡಿ ನಡುಗುತ್ತಿದ್ದರೆ, ಅಥವಾ ನಾಡಿಯಿಲ್ಲದೆ ವಿಪರೀತ ವೇಗದಲ್ಲಿ ಬಡಿಯುತ್ತಿದ್ದರೆ ಶಾಕ್. ಗೆರೆ ಸಪಾಟಾಗಿದ್ದರೆ ಶಾಕ್ ಇಲ್ಲ. ಸಿನಿಮಾದವರು ಮಾತ್ರ ಸಪಾಟು ಗೆರೆಗೇ ಶಾಕ್ ಕೊಟ್ಟು ನಾಯಕನನ್ನು ಎಬ್ಬಿಸುತ್ತಾರೆ. ಅಡ್ರಿನಲಿನ್ 1 ಮಿಲಿಗ್ರಾಂ ಮೂರರಿಂದ ಐದು ನಿಮಿಷಕ್ಕೊಮ್ಮೆ. ಶಾಕ್‌ಗೆ ಬಗ್ಗದ ಲಯಕ್ಕೆ ಅಮಿಯೊಡರೋನ್ ಎಂಬ ಔಷಧಿ ಮೊದಲು 300 ಮಿಲಿಗ್ರಾಂ, ಆಮೇಲೆ 150. ಹೃದಯ ಯಾಕೆ ನಿಂತಿತು ಎಂದು ಹುಡುಕುವ ಪಟ್ಟಿಯನ್ನು ನಾನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದು ಇಟ್ಟಿದ್ದೇನೆ: ಆಮ್ಲಜನಕದ ಕೊರತೆ, ರಕ್ತ ಹೋದದ್ದು, ಪೊಟ್ಯಾಸಿಯಂ ಏರುಪೇರು, ವಿಷ, ಹೆಪ್ಪುಗಟ್ಟಿದ ರಕ್ತ ಹೀಗೆ. ತೋಟಕ್ಕೆ ಹೊಡೆಯುವ ಕೀಟನಾಶಕ ಕುಡಿದು ಬರುವವರನ್ನೂ, ಡಯಾಲಿಸಿಸ್ ತಪ್ಪಿಸಿಕೊಂಡು ಬರುವವರನ್ನೂ ನೋಡುವ ನಮ್ಮಂಥವರಿಗೆ ಆ ಪಟ್ಟಿ ಪುಸ್ತಕದ ಪಾಠವಲ್ಲ.

ಆದರೆ ಆ ತರಬೇತಿಯಿಂದ ಆಸ್ಪತ್ರೆಯ ಹೊರಗೂ ನನ್ನ ಜೊತೆ ಬಂದದ್ದು ಔಷಧಿಯೂ ಅಲ್ಲ, ಇಸಿಜಿಯೂ ಅಲ್ಲ. ಕೊನೆಯ ಪರೀಕ್ಷೆಯಲ್ಲಿ ಒಬ್ಬರನ್ನು ತಂಡದ ಮುಖ್ಯಸ್ಥರಾಗಿ ನಿಲ್ಲಿಸುತ್ತಾರೆ. ‘ಯಾರಾದರೂ ಒತ್ತಿ’ ಎಂದರೆ ಅಂಕ ಹೋಯಿತು. ಹೆಸರು ಹಿಡಿದು ಕೆಲಸ ಹೇಳಬೇಕು, ಅವರು ಅದನ್ನು ತಿರುಗಿ ಹೇಳಬೇಕು, ಮುಗಿದಾಗ ಮುಗಿಯಿತು ಎನ್ನಬೇಕು. ಒತ್ತುವವರನ್ನು ಎರಡು ನಿಮಿಷಕ್ಕೊಮ್ಮೆ ಬದಲಿಸಬೇಕು, ತನಗೆ ಸುಸ್ತಾಗಿಲ್ಲ ಎಂದು ಅವರು ಎಷ್ಟೇ ಹೇಳಿದರೂ. ಸುಸ್ತು ಒತ್ತುವವರಿಗೆ ಗೊತ್ತಾಗುವ ಮೊದಲೇ ಆಳ ಕಡಿಮೆಯಾಗಿರುತ್ತದೆ.

ಕಳೆದ ಸುಗ್ಗಿಯಲ್ಲಿ ಇದೆಲ್ಲ ಒಟ್ಟಿಗೆ ಪರೀಕ್ಷೆಗೆ ಬಂತು. ಪಕ್ಕದ ಮನೆಯ ಚಪ್ಪರದಲ್ಲಿ ರಾತ್ರಿ ಅಡಿಕೆ ಸುಲಿಯುತ್ತ ಹನ್ನೊಂದು ಜನ ಕುಳಿತಿದ್ದೆವು. ಆ ಮನೆಯ ದೊಡ್ಡಪ್ಪ ಮೆಟ್ಟುಗತ್ತಿಯ ಮೇಲಿಂದ ಎದ್ದವರು ಹಾಗೆಯೇ ಕುಸಿದರು. ಓಗೊಡಲಿಲ್ಲ, ಮೀನಿನ ಹಾಗೆ ಎರಡು ಸಲ ಬಾಯಿ ತೆರೆದರು. ಅವರ ಸೊಸೆ ನನ್ನ ಜೊತೆಗೆ ಶಿವಮೊಗ್ಗದ ಶಿಬಿರಕ್ಕೆ ಬಂದಿದ್ದಳು. ನಾನು ಹತ್ತಿರ ಹೋಗುವ ಮೊದಲೇ ಅವಳು ಮೊಣಕಾಲೂರಿ ಒತ್ತಲು ಶುರು ಮಾಡಿದ್ದಳು, ಹತ್ತರವರೆಗೆ ಜೋರಾಗಿ ಎಣಿಸುತ್ತ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಒಬ್ಬನಿಗೆ, ‘ಬೈಕ್ ತೆಗೆದುಕೊಂಡು ಗುಡ್ಡದ ತಿರುವಿಗೆ ಹೋಗಿ 108ಕ್ಕೆ ಕರೆ ಮಾಡು, ಮಾಡಿದ್ದನ್ನು ಬಂದು ಹೇಳು’ ಎಂದೆ. ಇನ್ನೊಬ್ಬನನ್ನು ಗಡಿಯಾರ ನೋಡಲು, ಮತ್ತೊಬ್ಬನನ್ನು ದಾರಿಗೆ ಅಡ್ಡ ಹಾಕಿದ ಉಣುಗೋಲು ತೆಗೆದು ರಸ್ತೆಯಲ್ಲಿ ಟಾರ್ಚ್ ಹಿಡಿಯಲು ನಿಲ್ಲಿಸಿದೆ. ಉಳಿದವರಲ್ಲಿ ಐವರನ್ನು ಸಾಲಾಗಿ ಕೂರಿಸಿ ಸರದಿ ಮಾಡಿದೆ. ಗೊಂಬೆಯನ್ನು ಕಂಡೇ ಇರದ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರ ಹುಡುಗ ಎರಡನೇ ಸರದಿಗೆ ಬರುವಷ್ಟರಲ್ಲಿ ನನಗಿಂತ ಚೆನ್ನಾಗಿ ಒತ್ತುತ್ತಿದ್ದ. ಉಸಿರು ಕೊಟ್ಟದ್ದು ನಾನೊಬ್ಬಳೇ.

ಆಂಬುಲೆನ್ಸ್ ಬಂದದ್ದು 42 ನಿಮಿಷಕ್ಕೆ. ದೊಡ್ಡಪ್ಪ ಉಳಿಯಲಿಲ್ಲ.

ಆ ರಾತ್ರಿಯ ಮೇಲೆ ನನ್ನ ಲೆಕ್ಕ ಬದಲಾಯಿತು. ಪೇಟೆಯಲ್ಲಿ ಎಂಟು ಹತ್ತು ನಿಮಿಷಕ್ಕೆ ಸಹಾಯ ಬರುವ ಕಡೆ ಒಬ್ಬಿಬ್ಬರು ಚೆನ್ನಾಗಿ ಕಲಿತಿದ್ದರೂ ಸಾಕಾಗಬಹುದು. ಘಟ್ಟದ ಊರಿನಲ್ಲಿ 42 ನಿಮಿಷ ಎಂದರೆ ಎರಡೆರಡು ನಿಮಿಷದ 21 ಸರದಿ. ಅಷ್ಟು ಸರದಿಗೆ ನನ್ನ ಎಸಿಎಲ್‌ಎಸ್ ಕಾರ್ಡು ಒಂದು ಜೋಡಿ ಕೈ ಮಾತ್ರ. ಹಾಗಾಗಿ ಈಗ ಕೇಳಿದವರಿಗೆ ಹೀಗೆ ಹೇಳುತ್ತೇನೆ: ಮನೆಯಲ್ಲಿ ಹದಿನೈದು ದಾಟಿದ ಎಲ್ಲರೂ ಎರಡು ಗಂಟೆಯ ಶಿಬಿರಕ್ಕೆ ಹೋಗಿ. ಕೇರಿಗೆ ಒಬ್ಬರಾದರೂ, ಹೊಳೆದಂಡೆಯ ಕೇರಿಯಾದರೆ ಇಬ್ಬರು, ಉಸಿರು ಕೊಡುವುದನ್ನೂ ಕಲಿಸುವ ಒಂದು ದಿನದ್ದನ್ನು ಮಾಡಿ. ಶಾಲೆಯ ಮೇಷ್ಟರು, ಅಂಗನವಾಡಿ ಕಾರ್ಯಕರ್ತೆ, ಈಜು ಬಲ್ಲವರು ಇದಕ್ಕೆ ಸರಿ. ಎರಡು ದಿನದ್ದನ್ನು ನಮಗೆ ಬಿಡಿ. ಶಿಬಿರದಲ್ಲಿ ಗೊಂಬೆ ನಾಲ್ಕು ನಿಮಿಷ ಮಾತ್ರ ಸಿಗುತ್ತದೆ ಎನ್ನುವ ದೂರು ನನಗೂ ಇದೆ, ಅದಕ್ಕೆ ಮದ್ದು ಮತ್ತೆ ಮತ್ತೆ ಹೋಗುವುದು. ಕಲಿತ ಕೈ ಕೆಲವೇ ತಿಂಗಳಲ್ಲಿ ಮರೆಯತೊಡಗುತ್ತದೆ. ಎರಡು ವರ್ಷದ ಕಾರ್ಡು ಗೋಡೆಯ ಮೇಲೆ ಚಾಲ್ತಿಯಲ್ಲಿರುತ್ತದೆ ಅಷ್ಟೇ.

ಸೊಸೆ ಮತ್ತು ಆ ಕೊನೆಗಾರ ಹುಡುಗ ಈಗ ನನ್ನ ಬೆನ್ನು ಬಿದ್ದಿದ್ದಾರೆ. ಸಹಕಾರ ಸಂಘದ ಗೋದಾಮಿನಲ್ಲಿ ತಿಂಗಳಿಗೊಂದು ಭಾನುವಾರ ಅಭ್ಯಾಸ ಇಟ್ಟುಕೊಂಡಿದ್ದೇವೆ. ಗೊಂಬೆ ಒಂದೇ, ಅದೂ ಎರವಲು, ಟಕ್ ಎನ್ನುವ ಸ್ಪ್ರಿಂಗ್ ಸ್ವಲ್ಪ ಸಡಿಲವಾಗಿದೆ. ಹೋದ ಸಲ ಬಂದವರು ಇಪ್ಪತ್ತಾರು ಜನ. ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಅಜ್ಜಿ. ಮಂಡಿ ಊರಲು ಆಗುವುದಿಲ್ಲ ಎಂದು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಒತ್ತುವ ಹುಡುಗರಿಗೆ ಹತ್ತರವರೆಗೆ ಎಣಿಸಿ ಕೊಟ್ಟರು.