ಅಕ್ವೇರಿಯಂ ಲೈಟ್ ತರುವ ಮೊದಲು ಅಡಾಪ್ಟರ್ ತಿರುಗಿಸಿ ಓದಿ

ದಾವಣಗೆರೆಯಲ್ಲಿ ಗಿಡ ಹಾಕಿದ ಮೀನಿನ ಟ್ಯಾಂಕ್ ಮಾಡಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿ. ಡಬ್ಬಿ ಮೇಲೆ ದೊಡ್ಡದಾಗಿ ‘36 ವ್ಯಾಟ್, ಪ್ಲಾಂಟ್ ಗ್ರೋ’ ಅಂತ ಅಚ್ಚು ಹಾಕಿರುತ್ತಾರೆ. ಅದೊಂದನ್ನೇ ನಂಬಿ ದುಡ್ಡು ಕೊಡಬೇಡಿ.

ನಾನು ಅಂಥದೇ ಲೈಟ್ ತಂದದ್ದು ಊರಿನ ಒಂದು ಅಂಗಡಿಯಿಂದ. ನನ್ನದು ಎರಡಡಿ ಟ್ಯಾಂಕ್, ಅಗಲ ಎತ್ತರ ಒಂದೊಂದಡಿ, ಸುಮಾರು 55 ಲೀಟರ್ ನೀರು. ಗಿಡವೇ ಮುಖ್ಯ, ಮೀನು ಆಮೇಲೆ ಅಂತ ಬಿಡಿಸಿ ಹೇಳಿದ್ದೆ. ‘ಇದೇ ಹಾಕ್ರಿ ಅಣ್ಣ, ಗಿಡ ನೆಲ ತುಂಬಾ ಹಬ್ಬುತ್ತೆ’ ಅಂತ ಕೊಟ್ಟರು. ಕೆಲವೇ ವಾರದಲ್ಲಿ ರೋಟಾಲಾ ಅನ್ನುವ ನೀರುಗಿಡದ ಕಾಂಡ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡು ಕೆಳಗಿನ ಎಲೆಯೆಲ್ಲ ಉದುರಿತು, ನೆಲಕ್ಕೆ ಹಬ್ಬಬೇಕಿದ್ದ ಗಿಡ ಕರಗಿಯೇ ಹೋಯಿತು, ಗಾಜಿನ ತುಂಬ ಕಂದು ಪಾಚಿ. ಹೋಗಿ ಕೇಳಿದರೆ ನಮ್ಮ ಬೋರ್ ನೀರು ಗಡಸು, ಅದಕ್ಕೇ ಹೀಗೆ ಅಂದರು. ಲೈಟ್ ಇನ್ನೂ ನಾಲ್ಕು ತಾಸು ಜಾಸ್ತಿ ಹಾಕಿ ಅಂದರು. ಒಂದು ಬಾಟಲಿ ಗೊಬ್ಬರ ಕೊಟ್ಟರು, ಆಮೇಲೆ ಪಾಚಿ ಔಷಧಿ. ಆ ಔಷಧಿ ಹಾಕಿದ ಮೇಲೆ ಸೀಗಡಿಗಳೆಲ್ಲ ಸತ್ತವು. ಅದರಲ್ಲಿ ತಾಮ್ರ ಇತ್ತು. ತಾಮ್ರ ಸೀಗಡಿಗೆ ವಿಷ, ಮಾರುವವರು ಇದನ್ನು ಹೇಳಬೇಕಲ್ವಾ?

ಅಸಲು ವಿಷಯ ಗೊತ್ತಾಗಿದ್ದು ಅಡಾಪ್ಟರ್ ತಿರುಗಿಸಿ ನೋಡಿದಾಗ. ಔಟ್‌ಪುಟ್ 12 ವೋಲ್ಟ್, 1 ಆಂಪಿಯರ್. ಎರಡನ್ನೂ ಗುಣಿಸಿದರೆ 12 ವ್ಯಾಟ್, ಅಷ್ಟೇ. ಅಡಾಪ್ಟರ್ ಕೊಡದ 36 ವ್ಯಾಟ್ ಲೈಟಿಗೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಅರ್ಧದಷ್ಟು ಎಲ್‌ಇಡಿ ಬರೀ ನೀಲಿ. ನೀಲಿಯಲ್ಲಿ ಮೀನಿನ ಬಣ್ಣ ಮಿಂಚುತ್ತದೆ, ಅಂಗಡಿಯಲ್ಲಿ ನೋಡುವವರು ಮರುಳಾಗುತ್ತಾರೆ.

ನೀರಿನ ನೆಪವೂ ಸುಳ್ಳು. ವಿದ್ಯಾನಗರದಲ್ಲಿ ನಮ್ಮ ಭಾವನ ಮನೆಯಲ್ಲೂ ಬೋರ್ ನೀರೇ, ಅಲ್ಲಿ ವ್ಯಾಲಿಸ್ನೇರಿಯಾ ಅನ್ನುವ ಹುಲ್ಲಿನಂಥ ಗಿಡ ಟ್ಯಾಂಕಿನ ಮೇಲಿನವರೆಗೂ ಬೆಳೆದು ನಿಂತಿದೆ. ಆ ಗಿಡಕ್ಕೆ ಗಡಸು ನೀರು ಚೆನ್ನಾಗಿ ಒಗ್ಗುತ್ತದೆ. ಭಾವ ಹಾಕಿರುವುದು ಮನೆಗೆ ಹಾಕುವ ಎರಡಡಿ ಎಲ್‌ಇಡಿ ಬ್ಯಾಟನ್, 10 ವ್ಯಾಟ್, 6500 ಕೆಲ್ವಿನ್ (ಅಂದರೆ ಹಗಲಿನಂಥ ಬಿಳಿ ಬೆಳಕು), ಸುಮಾರು 1000 ಲ್ಯೂಮೆನ್ (ಲೈಟ್ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ). (ಅದು ನೀರು ತಡೆಯುವ ಲೈಟ್ ಅಲ್ಲ, ಹಾಗಾಗಿ ಟ್ಯಾಂಕಿಗೆ ಗಾಜಿನ ಮುಚ್ಚಳ ಇರಲೇಬೇಕು, ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿಟ್ಟು ಮೇಲೆ ತರಬೇಕು, ಇಲ್ಲದಿದ್ದರೆ ವೈರ್ ಮೇಲೆ ಇಳಿದ ನೀರು ನೇರ ಪ್ಲಗ್ಗಿಗೆ ಹೋಗುತ್ತದೆ.)

ವ್ಯಾಟ್ ನೋಡಿ ಕೊಳ್ಳುವುದು ಟ್ಯೂಬ್‌ಲೈಟ್ ಕಾಲದ ಲೆಕ್ಕ. ಈಗ ಲ್ಯೂಮೆನ್ ಕೇಳಿ. ಅನುಬಿಯಾಸ್, ಜಾವಾ ಫರ್ನ್ ತರದ ಗಿಡಕ್ಕೆ ಲೀಟರಿಗೆ 10ರಿಂದ 20 ಸಾಕು. ರೋಟಾಲಾ ತರದ್ದಕ್ಕೆ 20ರಿಂದ 40. ನೆಲಕ್ಕೆ ಹಬ್ಬುವ ಹೆಚ್ಚಿನ ಗಿಡಗಳಿಗೆ ಅದಕ್ಕೂ ಜಾಸ್ತಿ ಬೇಕು, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಬೇಕಾಗುತ್ತದೆ. ಸಿಲಿಂಡರ್ ಮಾತೇ ಎತ್ತದೆ ‘ನೆಲ ತುಂಬಾ ಹಬ್ಬುತ್ತೆ’ ಅಂದರೆ ಸುಮ್ನೆ ಎದ್ದು ಬನ್ನಿ. ಮತ್ತೆ ದಿನಕ್ಕೆ 6ರಿಂದ 8 ತಾಸು ಮಾತ್ರ ಹಾಕಿ, ಟೈಮರ್ ಇಟ್ಟರೆ ಒಳ್ಳೆಯದು. ಮಂದ ಬೆಳಕನ್ನು ಹನ್ನೆರಡು ತಾಸು ಉರಿಸಿದರೆ ಗಿಡ ಚೇತರಿಸಿಕೊಳ್ಳುವುದಿಲ್ಲ, ಕಮ್ಮಿ ಬೆಳಕಲ್ಲೂ ಬದುಕುವ ಪಾಚಿಗೆ ಹಬ್ಬ.

ಲೈಟ್ ವಾಪಸ್ ತಗೊಳ್ಳಿ ಅಂದರೆ ಒಪ್ಪಲಿಲ್ಲ. ಕೇಳಿದರೂ ಬಿಲ್ ಕೊಟ್ಟಿರಲಿಲ್ಲ. ನೀವು ಬಿಲ್ ಇಲ್ಲದೆ ಅಂಗಡಿ ಬಿಟ್ಟು ಬರಬೇಡಿ, ಅದರಲ್ಲಿ ವ್ಯಾಟ್, ಲ್ಯೂಮೆನ್ ಎರಡನ್ನೂ ಬರೆಸಿ. ಮೋಸ ಆದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಕೈಯಲ್ಲಿ ಆ ಬಿಲ್ ಇರಬೇಕು.