ಗಾಡಿಯ ಮೂಕಿ ಹಗುರವಾಗಿದ್ದರೆ ಹಿಗ್ಗಬೇಡಿ: ಜಿಮ್ನಿಗೆ ಟ್ರೇಲರ್ ಕಟ್ಟುವವರಿಗೆ ಒಂದು ಎಚ್ಚರಿಕೆ

ಮೆಲ್ಬರ್ನ್‌ನಿಂದ ಶೆಪರ್ಟನ್‌ಗೆ ಮನೆ ಬದಲಾಯಿಸುವಾಗ, ಸುಮಾರು 180 ಕಿಲೋಮೀಟರ್ ದಾರಿಗೆ ಲಾರಿ ಏಕೆ ಎಂಬ ಜಿಪುಣತನದಿಂದ ಒಂದು ತೆರೆದ ಟ್ರೇಲರನ್ನು ಬಾಡಿಗೆಗೆ ತಂದು ನಮ್ಮ ಮೂರು ಬಾಗಿಲಿನ ಸುಜುಕಿ ಜಿಮ್ನಿಗೆ ಕಟ್ಟಿದೆ. ಹ್ಯೂಮ್ ಹೆದ್ದಾರಿಯಲ್ಲಿ ಆ ಟ್ರೇಲರ್ ಓಲಾಡಿ ಮಗುಚಿತು, ಜಿಮ್ನಿ ಅಡ್ಡ ತಿರುಗಿ ಬದಿಯ ತಂತಿತಡೆಗೆ ಬಡಿದು ನಿಂತಿತು. ನಾನೂ ನನ್ನ ಹೆಂಡತಿಯೂ ಗಾಯವಿಲ್ಲದೆ ಪಾರಾದೆವು. ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ ಆಗಿದ್ದವು, ಮತ್ತು ಅವುಗಳಲ್ಲಿ ಮೂರು ಹೊರಡುವ ಮೊದಲೇ ಆಗಿಹೋಗಿದ್ದವು.

ಮೊದಲನೆಯದು ಲೆಕ್ಕದ ತಪ್ಪು. ಆಸ್ಟ್ರೇಲಿಯಾದಲ್ಲಿ ಹೊರೆ ಸೇರಿ 750 ಕಿಲೋವರೆಗಿನ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕೆಂದಿಲ್ಲ. ಬಾಡಿಗೆ ಅಂಗಡಿಯ ಕಾಗದದಲ್ಲಿ ಈ 750 ಎಂಬ ಅಂಕಿ ಕಂಡದ್ದೇ ನನಗೆ ಸಾಕಾಯಿತು. ಟ್ರೇಲರ್ ಮತ್ತು ಸಾಮಾನು ಸೇರಿ 630 ಕಿಲೋ ಆಗಬಹುದೆಂದು ಅಂದಾಜಿಸಿ ನಿಶ್ಚಿಂತನಾದೆ. ಆದರೆ ಆ ಮಿತಿ ಟ್ರೇಲರಿನದು, ಎಳೆಯುವ ವಾಹನದ್ದಲ್ಲ. ಬ್ರೇಕಿಲ್ಲದ ಟ್ರೇಲರಾದರೆ ಜಿಮ್ನಿ ಎಳೆಯಬಹುದಾದದ್ದು ಬರೀ 350 ಕಿಲೋ. ಜಾಹೀರಾತಿನಲ್ಲಿ ಕಾಣುವ 1300 ಕಿಲೋ ಬ್ರೇಕಿರುವ ಟ್ರೇಲರಿಗೆ ಮಾತ್ರ ಅನ್ವಯಿಸುತ್ತದೆ. ಎರಡು ಮಿತಿಗಳಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ ಎಂಬುದು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೆಯದು ಹೊರೆ ಹೇರಿದ ರೀತಿ. ಮೊದಲು ಇಳಿಸಬೇಕಾದದ್ದು ಕೈಗೆ ಸಿಗಲಿ ಎಂದು ಫ್ರಿಜ್ಜು, ವಾಷಿಂಗ್ ಮೆಷಿನ್, ಗ್ರೈಂಡರ್ ಎಲ್ಲವನ್ನೂ ಹಿಂಬದಿಯ ಬಾಗಿಲ ಹತ್ತಿರ ಇಟ್ಟು, ಹಾಸಿಗೆ ದಿಂಬುಗಳನ್ನು ಮುಂದೆ ತುಂಬಿದೆ. ವಾಹನಕ್ಕೆ ಸಿಕ್ಕಿಸುವಾಗ ಟ್ರೇಲರಿನ ಮೂತಿ ಒಂದೇ ಕೈಯಲ್ಲಿ ಮೇಲೆದ್ದಿತು. ಎಷ್ಟು ಹಗುರ ಎಂದು ಹಿಗ್ಗಿದೆನಲ್ಲ, ಅದೇ ಅಪಾಯದ ಸೂಚನೆಯಾಗಿತ್ತು. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೇಳುತ್ತದೆಂದು ನಮ್ಮಜ್ಜನಿಗೆ ಗೊತ್ತಿತ್ತು. ಅವರು ಹೊರೆ ಹೇರಿದ ಮೇಲೆ ಮೂಕಿಯನ್ನು ಎತ್ತಿ ನೋಡದೆ ಎತ್ತು ಕಟ್ಟುತ್ತಿರಲಿಲ್ಲ. ಒಂದೇ ಅಚ್ಚಿನ ಟ್ರೇಲರ್ ಕೂಡ ಆ ಗಾಡಿಯೇ. ಅದರ ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಭಾಗದಷ್ಟು ಟೋ ಬಾಲಿನ, ಅಂದರೆ ವಾಹನದ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಿನ ಮೇಲೆ ಕೂರಬೇಕು, ಜಿಮ್ನಿಯಲ್ಲಿ ಅದು 75 ಕಿಲೋ ಮೀರಕೂಡದು.

ಮೂರನೆಯದು ಆಫ್‌ರೋಡ್ ಹುಚ್ಚಿನವರು ವಿಶೇಷವಾಗಿ ಗಮನಿಸಬೇಕಾದ್ದು. ನನ್ನ ಜಿಮ್ನಿಯ ಸಸ್ಪೆನ್ಷನ್ನನ್ನು ಎರಡು ಇಂಚು ಎತ್ತರಿಸಲಾಗಿತ್ತು. ಅದರೊಂದಿಗೆ ಟೋ ಬಾಲೂ ಮೇಲೇರಿ ಟ್ರೇಲರಿನ ಮೂತಿ ಆಕಾಶ ನೋಡುತ್ತಿತ್ತು, ಮುಂದಿದ್ದ ಅಲ್ಪಸ್ವಲ್ಪ ಭಾರವೂ ಹಿಂದಕ್ಕೆ ಸರಿಯಿತು. ಅಚ್ಚಿನಿಂದ ಅಚ್ಚಿಗೆ 2250 ಮಿಲಿಮೀಟರ್ ಮಾತ್ರ ಇರುವ, ಸುಮಾರು 1100 ಕಿಲೋ ತೂಗುವ, ಎತ್ತರದ ಕಿರಿದಾದ ವಾಹನ ಇದು. ಹಿಂದಿನ ಅಚ್ಚಿನಿಂದಾಚೆ ಚಾಚಿದ ಬಾಲನ್ನು ಟ್ರೇಲರ್ ಪಕ್ಕಕ್ಕೆ ಎಳೆದರೆ ಇಡೀ ವಾಹನವೇ ತಿರುಗುತ್ತದೆ.

ವಾಲನ್ ಎಂಬ ಊರು ದಾಟಿ ಬೆಟ್ಟದ ಏರು ಮುಗಿದು ಇಳಿಜಾರು ಶುರುವಾದಾಗ ನಾನು ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿದ್ದೆ. ಜೋಡಿ ಟ್ರೇಲರಿನ ದೊಡ್ಡ ಲಾರಿಯೊಂದು ನಮ್ಮನ್ನು ಹಿಂದಿಕ್ಕಿತು. ಅದರ ಗಾಳಿಯ ತಳ್ಳು ಮುಗಿದರೂ ಟ್ರೇಲರಿನ ಓಲಾಟ ಮುಗಿಯಲಿಲ್ಲ. "ರೀ, ಹಿಂದೆ ಏನೋ ಅಲ್ಲಾಡ್ತಿದೆ" ಎಂದು ಹೆಂಡತಿ ಹೇಳುವಷ್ಟರಲ್ಲಿ ಕನ್ನಡಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಡೀ ಟ್ರೇಲರೇ ಕಾಣತೊಡಗಿತು. ವೇಗ ಕಡಿಮೆಯಿದ್ದಾಗ ಟೈರುಗಳ ಹಿಡಿತವೇ ಇಂಥ ಓಲಾಟವನ್ನು ತಣಿಸುತ್ತದೆ. ವೇಗ ಏರಿದಂತೆ ಆ ಶಕ್ತಿ ಕುಗ್ಗುತ್ತ ಹೋಗಿ, ಒಂದು ಮಿತಿ ದಾಟಿದ ಮೇಲೆ ಪ್ರತಿಯೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಹಿಂಭಾರವಿದ್ದರೆ ಆ ಮಿತಿ ಬೇಗ ಬರುತ್ತದೆ. ನಾನು ಗಾಬರಿಯಲ್ಲಿ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಬ್ರೇಕ್ ತುಳಿದೆ. ಜಿಮ್ನಿ ನಿಧಾನವಾಯಿತು, ಬ್ರೇಕಿಲ್ಲದ ಟ್ರೇಲರ್ ಆಗಲಿಲ್ಲ. ಅದು ಹಿಂದಿನಿಂದ ದಬ್ಬಿತು. ಮಾಡಬೇಕಾಗಿದ್ದದ್ದು ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ವೇಗ ತಾನಾಗಿ ಇಳಿಯಲು ಬಿಡುವುದು. ಓದುವಾಗ ಇದು ಸುಲಭ. ಆ ಮೂರು ನಾಲ್ಕು ಕ್ಷಣಗಳಲ್ಲಿ ಕಾಲು ಮಾತು ಕೇಳುವುದಿಲ್ಲ. ಆದ್ದರಿಂದಲೇ ನಾನು ಹೊರೆಯ ವಿಷಯವನ್ನು ಇಷ್ಟು ಎಳೆದು ಬರೆದದ್ದು.

ಓಲಾಟ ತಡೆಯಲೆಂದು ಮಾರುವ ಘರ್ಷಣೆಯ ಸರಳುಗಳನ್ನು ಕೆಲವರು ಆಮೇಲೆ ನನಗೆ ಸೂಚಿಸಿದರು. ಹೊರೆ ತಪ್ಪಿದ್ದರೆ ಅದು ಗಾಯದ ಮೇಲೆ ಬಟ್ಟೆ ಸುತ್ತಿದಂತೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಸಲ ಓವರ್‌ರನ್ ಬ್ರೇಕ್, ಅಂದರೆ ಟ್ರೇಲರ್ ವಾಹನವನ್ನು ಹಿಂದಿನಿಂದ ದಬ್ಬಿದಾಗ ತಾನಾಗಿ ಹಿಡಿಯುವ ಬ್ರೇಕ್, ಇರುವ ಟ್ರೇಲರನ್ನೇ ಕೇಳಿ ಪಡೆದೆ. ಬಾಲ್ ತಗ್ಗಿನಲ್ಲಿ ಕೂರುವಂಥ ಟೋ ನಾಲಿಗೆಯನ್ನು ಹಾಕಿಸಿ, ಟ್ರೇಲರ್ ಮಟ್ಟವಾಗಿ ನಿಂತಿದೆಯೇ ಎಂದು ಪಕ್ಕದಿಂದ ನೋಡಿದೆ. ಭಾರದ ಸಾಮಾನನ್ನು ಅಚ್ಚಿನಿಂದ ತುಸು ಮುಂದಕ್ಕೆ, ನೆಲಕ್ಕೆ ಅಂಟಿಸಿದಂತೆ ಇಟ್ಟು ಪಟ್ಟಿಗಳಿಂದ ಬಿಗಿದೆ. ಆಮೇಲೆ ಸ್ನಾನದ ಮನೆಯ ತೂಕದ ಯಂತ್ರವನ್ನು ತಂದು, ಅದರ ಮೇಲೆ ಬಾಲಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಮರದ ತುಂಡೊಂದನ್ನು ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲೆ ಇಳಿಸಿದೆ. ಮುಳ್ಳು 58 ಕಿಲೋ ತೋರಿಸಿತು. ಈ ಸಲ 80ರ ವೇಗವನ್ನು ಮೀರದೆ, ಮೊದಲ ಹದಿನೈದು ಕಿಲೋಮೀಟರ್ ಆದ ಕೂಡಲೇ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಎಳೆದು ನೋಡಿದೆ, ಎರಡು ಸಡಿಲವಾಗಿದ್ದವು.