ಸಣ್ಣ ಲೇಥಿಗೆ ಡಿಆರ್‌ಓ ಹಾಕಿ ಮೂರು ವರ್ಷ: ಹಾಕಿದ್ದೂ ನಾನೇ, ಟ್ಯಾಪ್ ಮುರಿದಿದ್ದೂ ನಾನೇ

ಕಲಬುರಗಿಯಾಗ ನಮ್ಮ ಮನಿ ಹಿಂದಿನ ಪತ್ರಾ ಶೆಡ್ಡಿನ್ಯಾಗ ಒಂದು ಹಳೇ ನಾಲ್ಕೂವರೆ ಅಡಿ ಲೇಥ್ ಅದರಿ. ಅದಕ್ಕ ಡಿಆರ್‌ಓ, ಅಂದ್ರ ಟೂಲ್ ಎಷ್ಟು ಸರೀತು ಅಂತ ಅಂಕಿಲೆ ತೋರಸೋ ಡಿಜಿಟಲ್ ರೀಡ್‌ಔಟ್, ಹಾಕಿದ ಕಥಿ ಇದು. ಟೂಲ್ ಅಡ್ಡ ಸರಸೋ ಕ್ರಾಸ್ ಸ್ಲೈಡ್ ಡಯಲ್‌ನ್ಯಾಗ ಒಂದು ಗೆರಿಗೆ 0.05 ಮಿಮೀ, ಅದೂ ಅರ್ಧ ಅಳಿಸಿ ಹೋಗ್ಯಾವ, ಸ್ಕ್ರೂ ಕಾಲು ಸುತ್ತು ಖಾಲಿ ತಿರುಗ್ತದ, ಉದ್ದಕ್ಕ ಸರಸೋ ಕ್ಯಾರೇಜ್ ಹ್ಯಾಂಡಲ್‌ಗಂತೂ ಡಯಲೇ ಇಲ್ಲ, ಬೆಡ್ ಮ್ಯಾಲ ಚಾಕ್‌ಪೀಸ್‌ಲೆ ಗೆರಿ ಹೊಡ್ಕೊಂಡು ಸ್ಟೀಲ್ ಸ್ಕೇಲ್ ಹಿಡದು ಕೆಲಸ ಮಾಡ್ತಿದ್ದೆ.

ಮೊದಲು ಸೋವಿ ಅಂತ ಡಿಜಿಟಲ್ ಕ್ಯಾಲಿಪರ್ ನಮೂನಿ ಬ್ಯಾಟರಿ ಸ್ಕೇಲ್ ಹಾಕಿದ್ದೆ. ಎಣ್ಣಿ ಜರಾ ಒಳಗ ಇಳೀತಂದ್ರ ಅಂಕಿ ತಾವೇ ಕುಣೀತಿದ್ವು. ಅದನ್ನ ಬಿಚ್ಚಿಟ್ಟು 5 ಮೈಕ್ರಾನ್ (0.005 ಮಿಮೀ) ತನಕ ಅಳಿಯೋ ಗ್ಲಾಸ್ ಸ್ಕೇಲ್ ಎರಡು, ಡಿಸ್ಪ್ಲೇ ಒಂದು, ಎಲ್ಲಾ ಸೇರಿ ₹18,000 ಹತ್ರ ಬಿತ್ತು.

ಹಾಕೋದಕ್ಕ ಎರಡು ಐತವಾರ ಹೋದ್ವು. ಎರಕದ ಮೈ ಉಬ್ಬುತಗ್ಗು, ಹಂಗಾಗಿ ಹಿಂದ ಒಂದು ಪಟ್ಟಿ ಕೊಟ್ಟು, ಗ್ರಬ್ ಸ್ಕ್ರೂಲೆ ಎತ್ತಿ ಇಳಿಸಿ, ಡಯಲ್ ಗೇಜ್ ಓಡಿಸಿ ಪೂರ್ತಿ ಉದ್ದಕ್ಕ 0.1 ಒಳಗ ತರಬೇಕು. ಕ್ಯಾರೇಜಿನ ಸ್ಯಾಡಲ್‌ಗೆ 4.2 ಡ್ರಿಲ್ ಹೊಡದು ಎಂ5 ಟ್ಯಾಪ್ (ತೂತಿನೊಳಗ ಆಟಿ ಕೊರಿಯೋದು) ತಿರುಗಸ್ತಿದ್ದೆ, ಕೈ ಜರಾ ವಾರಿ ಆತು, ಟಕ್ ಅಂತು. ಆ ತುಂಡು ಇವತ್ತಿಗೂ ಅಲ್ಲೇ ಅದ, ಬಗಲಿಗೆ ಬ್ಯಾರೆ ತೂತು ಹೊಡದೀನಿ. ಸ್ಕೇಲಿನ ರಬ್ಬರ್ ತುಟಿ ಕೆಳಗ ಮಾಡಿ ಕುಂದ್ರಸ್ರಿ, ಇಲ್ಲಂದ್ರ ಬುರಾದಿ ಸೀದಾ ಗ್ಲಾಸ್ ಮ್ಯಾಲ.

ತ್ರಾಸು ಕೊಟ್ಟಿದ್ದು ಕ್ರಾಸ್ ಸ್ಲೈಡೇ. ಸ್ಕೇಲ್ ಚಕ್ (ಜಾಬ್ ಹಿಡಿಯೋದು) ಕಡಿ ಹಾಕಿದ್ರ ಬಿಸಿ ಬುರಾದಿ ಬೀಳ್ತದ, ಟೇಲ್‌ಸ್ಟಾಕ್ (ಆ ಕೊನಿಗೆ ಆಸರಿ ಕೊಡೋದು) ಕಡಿ ಹಾಕಿದ್ರ ಟೇಲ್‌ಸ್ಟಾಕ್ ಹತ್ರ ಬರಲ್ಲ. ನಾ ಟೇಲ್‌ಸ್ಟಾಕ್ ಕಡಿನೇ ಹಾಕ್ದೆ, 30 ಮಿಮೀ ಜಾಗ ಹೋತು, ಕ್ಯಾರೇಜ್ ಲಾಕ್ ಬೋಲ್ಟಿಗೆ ಪಾನಾ ಹತ್ತವಲ್ದು, ಈಗ ಅಲ್ಲಿ ಅಲನ್ ಬೋಲ್ಟ್ ಹಾಕೀನಿ. ತೆಳ್ಳನ ಮ್ಯಾಗ್ನೆಟಿಕ್ ಸ್ಕೇಲ್ ತಗೋಬೇಕಿತ್ತು ಅಂತ ಆಮ್ಯಾಲ ಹೊಳೀತು.

ಓಣ್ಯಾಗಿನ ಹಿರಿ ಮಿಸ್ತ್ರಿ ಕಾಕಾ ಬಂದು ನೋಡಿ, "ಏನಪಾ, ಲೇಥಿಗೆ ಟೀವಿ ಕುಂದ್ರಿಸಿದಿ?" ಅಂದು ನಕ್ಕಿದ್ರು. ಈಗ ಮೆಟ್ಟಲ ಮೆಟ್ಟಲ ಇರೋ ಶಾಫ್ಟ್ ಬಂದ್ರ ನಮ್ಮಲ್ಲೇ ತರ್ತಾರ, ಯಾಕಂದ್ರ ಉದ್ದದ ಅಳತಿ ಒಂದ್ಸಲ ಸೊನ್ನಿ ಮಾಡಿದ್ರ ಮುಗೀತು, ಚಾಕ್‌ಪೀಸ್ ಬೇಕಿಲ್ಲ. ಕ್ರಾಸ್ ಸ್ಲೈಡನ್ನ ವ್ಯಾಸದ ಮೋಡಿಗೆ ಹಾಕಿದ್ರ ಸ್ಲೈಡ್ 1 ಮಿಮೀ ಸರದಾಗ 2 ತೋರಸ್ತದ, ಮನಸ್ಸಿನ್ಯಾಗ ಲೆಕ್ಕ ಮಾಡೋ ತ್ರಾಸು ತಪ್ಪ್ಯಾದ.

ಆದ್ರ ಕ್ರಾಸ್ ಸ್ಲೈಡ್ ಮ್ಯಾಲ ಕೂಡೋ ಸಣ್ಣ ಕಾಂಪೌಂಡ್ ಸ್ಲೈಡ್ ತಿರುವಿದ್ರ ಡಿಸ್ಪ್ಲೇಗೆ ಗೊತ್ತೇ ಆಗಲ್ಲ. ಮರತು ಅದನ್ನ ತಿರುವಿ ಒಂದು ಬುಶ್ 0.3 ಹೆಚ್ಚಿಗಿ ತಿಂದು ಕೆಡಿಸೀನಿ. ಕರೆಂಟ್ ಹೋದಾಗ ಕ್ಯಾರೇಜ್ ಸರದ್ರ ಆ ಸೊನ್ನಿ ನಂಬಬ್ಯಾಡ್ರಿ, ಟೂಲ್ ಮತ್ತ ತಾಗಿಸಿ ಹೊಸದಾಗಿ ಹಿಡೀರಿ.

ಮತ್ತ ಮೇ ತಿಂಗಳ ಒಂದು ಕಥಿ. ಹೊರಗ 42 ಡಿಗ್ರಿ, ಪಂಪ್ ಶಾಫ್ಟಿಗೆ 6205 ಬೇರಿಂಗ್ ಕೂಡೋ ಜಾಗ, 25 ಮಿಮೀ. ಡಿಸ್ಪ್ಲೇ ಸರಿ, ಮೈಕ್ರೋಮೀಟರ್ರೂ ಸರಿ, ಶಾಫ್ಟ್ ಮಾತ್ರ ಕೈಗೆ ಹಿಡಿಲಾರದಷ್ಟು ಬಿಸಿ. ಚಾ ಕುಡದು ಬಂದು ಅಳದ್ರ 8-9 ಮೈಕ್ರಾನ್ ಕಮ್ಮಿ, ಬೇರಿಂಗ್ ಬಟ್ಟಲೆ ತಳ್ಳಿದ್ರ ಜಾರಿ ಹೋತು! ಉಕ್ಕು 30 ಡಿಗ್ರಿ ಆರಿದ್ರ 25 ಮಿಮೀದಾಗ ಇಷ್ಟು ಕುಗ್ಗೋದೇ, ಅದು ಡಿಆರ್‌ಓ ತಪ್ಪಲ್ಲ. ಕೊನೀ ಕಟ್ ಈಗ ಆರಿದ ಮ್ಯಾಲೇ ಹೊಡೀತೀನಿ.

ಬೀದರದಾಗ ಬಿದರಿ ಎರಕ ಲೇಥಿಗೆ ಕಟ್ಟಿ ಕಣ್ಣಳತಿಲೆ ನುಣುಪು ಮಾಡ್ತಾರ, ಅಂಥಾ ಕೆಲಸಕ್ಕ ಈ ಖರ್ಚು ದಂಡ. ಬೇರಿಂಗ್, ಬುಶ್, ಶಾಫ್ಟ್ ಕೆಲಸ ಇದ್ದವರು ಹಾಕಸ್ರಿ, ರೊಕ್ಕ ಕಮ್ಮಿ ಇದ್ರ ಉದ್ದಕ್ಕ ಒಂದೇ ಆದ್ರೂ ನಡೀತದ. ನಂದು ಇನ್ನೂ ಒಂದೂ ರಿಪೇರಿ ಬಂದಿಲ್ಲ, ಅಳತಿ ಅರ್ಧ ಮಾಡೋ ಬಟನ್ ಮ್ಯಾಲಿನ ಗುರ್ತು ಅಷ್ಟೇ ಎಣ್ಣಿ ಕೈಗೆ ಅಳಿಸಿ ಹೋಗ್ಯಾದ.